ಬೆಸುಗೆಯ ಮದ್ದು

ಕೊಡಗಿನ ಮಳೆಗಾಲವನ್ನು ಕಂಡವರಿಗೆ ಲೋಹದ ಸಾಮಾನುಗಳ ಕಷ್ಟವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಮಡಿಕೇರಿಯ ಸುತ್ತಣ ಬೆಟ್ಟಗಳಲ್ಲಿ ವರ್ಷಕ್ಕೆ 100 ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯುವುದು. ಕಕ್ಕಡ ಮಾಸದಲ್ಲಿ ಕತ್ತಿಗೆ ತುಕ್ಕು, ತಾಮ್ರದ ಚೆಂಬಿಗೆ ಕಿಲುಬು ತಪ್ಪಿದ್ದಲ್ಲ. ರೇಡಿಯೋ ಪೆಟ್ಟಿಗೆಯೊಳಗಣ ತಂತಿಗಳಿಗೂ ಅದೇ ಗತಿ.

2018ರ ಆಗಸ್ಟ್ ತಿಂಗಳಲ್ಲಿ ಇಲ್ಲಿಯ ಗುಡ್ಡಗಳು ಕುಸಿದು ದಾರಿಗಳು ಕಡಿದುಹೋದಾಗ, ನಮ್ಮ ನೆರೆಮನೆಯ ಅಜ್ಜಿಯವರಿಗೆ ಹೊರಗಣ ಸಮಾಚಾರವನ್ನು ತಿಳಿಸುತ್ತಿದ್ದುದು ಬ್ಯಾಟರಿಯ ರೇಡಿಯೋ ಒಂದೇ. ಮರುವರ್ಷದ ಮಳೆಯಲ್ಲಿ ಅದು ಮೂಕವಾಯಿತು. ಬಿಡುವಿನ ವೇಳೆಯಲ್ಲಿ ಇಂತಹ ದುರಸ್ತಿಗೆ ಕೈಹಾಕುವ ನಮ್ಮ ಬಳಿಗೆ ಅದನ್ನು ತಂದು, “ಗುಡ್ಡ ಜರಿದರೆ ನನಗೆ ಹೇಳುವವರು ಯಾರೂ ಇಲ್ಲ ಮಗೂ, ಇದನ್ನು ಮಾತನಾಡಿಸಿ ಕೊಡು” ಎಂದರು. ಬಿಚ್ಚಿ ನೋಡಿದೆವು. ಬ್ಯಾಟರಿಯ ತಂತಿಯ ಬೆಸುಗೆ ಹಸಿರುಗಟ್ಟಿ, ಮುಟ್ಟಿದೊಡನೆ ಉದುರಿತು. ಹಿಂದೆ ಯಾರೋ ತಗಡಿನ ಕೆಲಸದ ಆಮ್ಲವನ್ನು ಹಚ್ಚಿ ಬೆಸೆದಿದ್ದಂತೆ ತೋರಿತು.

ಬೆಸುಗೆಗೆ ಮದ್ದು ಏಕೆ ಬೇಕು? ತಾಮ್ರದ ಮೇಲೆ ಗಾಳಿಯ ಆಮ್ಲಜನಕ ಸೇರಿ ತೆಳುವಾದ ಪೊರೆ ಕಟ್ಟುವುದು. ಆ ಪೊರೆಯಿರುವವರೆಗೆ ಕರಗಿದ ತವರವಾಗಲಿ ಸೀಸವಾಗಲಿ ಅಂಟದೆ ಹನಿಯಾಗಿ ಉರುಳುವುದು. ಕಲಾಯಿಯವನು ಕಾದ ಪಾತ್ರೆಗೆ ನವಸಾಗರ ಹಾಕಿ ಉಜ್ಜುವುದು ಈ ಪೊರೆಯನ್ನು ಕಳೆಯುವುದಕ್ಕಾಗಿಯೇ. ಪಾತ್ರೆಯನ್ನು ಬಳಿಕ ತೊಳೆಯಬಹುದು, ರೇಡಿಯೋವನ್ನು ತೊಳೆಯುವುದುಂಟೆ? ಒಳಗುಳಿದ ಲವಣವು ತೇವವನ್ನು ಸೆಳೆದು ತಂತಿಯನ್ನು ತಿನ್ನುತ್ತಲೇ ಇರುವುದು.

ತಂತಿಯ ಕೆಲಸಕ್ಕೆ ತಕ್ಕುದು ರೋಸಿನ್. ಪೈನ್ ಮರದ ಅಂಟಿನಿಂದ ಟರ್ಪೆಂಟೈನ್ ತೈಲವನ್ನು ಬಟ್ಟಿಯಿಳಿಸಿದ ಮೇಲೆ ಉಳಿಯುವ ರಾಳವಿದು. ಪಿಟೀಲಿನ ಕಮಾನಿಗೆ ತೀಡುವುದೂ ಇದನ್ನೇ. ಕಾದಾಗ ಇದರೊಳಗಣ ಅಬಿಯೆಟಿಕ್ ಆಮ್ಲವು ಪೊರೆಯನ್ನು ಕಳೆಯುವುದು. ತಣಿದೊಡನೆ ರಾಳವು ಗಾಜಿನಂತೆ ಗಟ್ಟಿಯಾಗಿ ನಿಲ್ಲುವುದು. ಕೆಲಸ ಮುಗಿದ ಮೇಲೆ ಸುಮ್ಮನಿರುವ ಈ ಗುಣವೇ ನಮ್ಮ ಮಳೆನಾಡಿಗೆ ಮುಖ್ಯವಾದುದು.

ಮಾಡುವ ಕ್ರಮ ಸುಲಭ. 25 ಗ್ರಾಂ ರೋಸಿನನ್ನು ಬಟ್ಟೆಯಲ್ಲಿ ಕಟ್ಟಿ, ಜಜ್ಜಿ ಪುಡಿಮಾಡಿ, ಗಾಜಿನ ಸೀಸೆಗೆ ಹಾಕಿ, 100 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್ ಎರೆಯತಕ್ಕದ್ದು. ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಇರಿಸಿ, ಆಗಾಗ ಕುಲುಕಿ, ತೆಳುಬಟ್ಟೆಯಲ್ಲಿ ಸೋಸಿದರೆ ಜೇನಿನ ಬಣ್ಣದ ದ್ರವ ಸಿದ್ಧವಾಗುವುದು. ಒಲೆಯ ಬಳಿಗೆ ಒಯ್ಯಲೇಬಾರದು. ಅದು ಥಟ್ಟನೆ ಹೊತ್ತಿಕೊಳ್ಳುವುದು. ಮುಚ್ಚಳ ಸಡಿಲವಾದರೆ ಗಾಳಿಯ ತೇವವನ್ನು ಹೀರುವುದು.

ನಮ್ಮ ಕಾಡಿನಲ್ಲಿಯೇ ಧೂಪದ ಮರಗಳಿರುವಾಗ ಪೇಟೆಯ ರಾಳವೇಕೆಂದು ಕೇಳುವವರುಂಟು. ಧೂಪದ ಮರದ ರಾಳ ಬೇರೆ ಜಾತಿಯದು. ಅದು ದೇವರ ಮುಂದೆಯೇ ಇರಲಿ.

ಅಜ್ಜಿಯವರ ರೇಡಿಯೋವಿನ ತಂತಿಯನ್ನು ಹೊಳಪು ಬರುವಂತೆ ಕೆರೆದು, ಈ ಮದ್ದನ್ನು ಒಂದು ಹನಿ ಹಚ್ಚಿ ಬೆಸೆದೆವು. ಮುಂದಿನ ಮಳೆಗಾಲವನ್ನೂ ಅದು ಮಾತನಾಡುತ್ತಲೇ ಕಳೆಯಿತು.

ಒಂದು ಮಾತು ಉಳಿದಿದೆ. ಬೆಸೆಯುವಾಗ ಏಳುವ ರಾಳದ ಹೊಗೆಯಿಂದ ಉಬ್ಬಸ ಬರಬಲ್ಲುದು. ಆದುದರಿಂದ ಮಳೆ ಎಷ್ಟೇ ಹೊಯ್ಯಲಿ, ಕಿಟಕಿಯೊಂದನ್ನು ತೆರೆದಿಟ್ಟು, ಮಕ್ಕಳನ್ನು ದೂರವಿರಿಸಿ ಕೆಲಸಕ್ಕೆ ಕೂಡಬೇಕು. ಸೀಸ ಮುಟ್ಟಿದ ಕೈಯನ್ನು ತೊಳೆದೇ ಊಟಕ್ಕೇಳಬೇಕು.