ಹಳೆಯ ಖಡ್ಗದ ಪರೀಕ್ಷೆ

ಟಿಪ್ಪುಸುಲ್ತಾನನ ಖಡ್ಗವೊಂದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡುಗಳಿಗೆ ವಿಕ್ರಯವಾದಂದಿನಿಂದ, "ಇದೂ ಆತನದೇ" ಎಂದು ನಮ್ಮಲ್ಲಿಗೆ ಕತ್ತಿ ತರುವವರು ಹೆಚ್ಚಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಅರಮನೆಯ ಆಯುಧಗಳು ಚದುರಿದುದೇನೋ ನಿಜ.

ನಾವು ಹಿಡಿಯನ್ನು ನೋಡಿ ಮರುಳಾಗುವುದಿಲ್ಲ. ತಲವಾರಿನ ಅಲಗನ್ನು ಹಿಡಿಯೊಳಗೆ ಅರಗಿನಿಂದ ಕೂರಿಸುತ್ತಿದ್ದರು, ಕಾಯಿಸಿದರೆ ಕಳಚುವುದು. ಆದುದರಿಂದ ಹಳೆಯ ಅಲಗಿಗೆ ಹೊಸ ಹಿಡಿಯಿರುವುದುಂಟು. ಅದು ವಂಚನೆಯೇ ಆಗಬೇಕೆಂದಿಲ್ಲ. ಕೆತ್ತಿದ ಹೆಸರೂ ಪ್ರಮಾಣವಲ್ಲ. ಇಸ್ಫಹಾನಿನ ಅಸದುಲ್ಲಾನ ಅಂಕಿತವು ಒಬ್ಬ ಮನುಷ್ಯನ ಆಯುಷ್ಯವನ್ನು ಮೀರಿದ ಕಾಲದ ಅಲಗುಗಳ ಮೇಲೆಲ್ಲ ಇದೆ. (ಓಲೆಯ ಕೊನೆಯಲ್ಲಿ ಕಾಳಿದಾಸನೆಂದಿದ್ದ ಮಾತ್ರಕ್ಕೆ ಕಾವ್ಯವು ಅವನದಾದೀತೆ?)

ಲೋಹವನ್ನೇ ಕೇಳಬೇಕು. ಆಂಗ್ಲರು 'ವೂಟ್ಸ್' ಎಂದುದು ನಮ್ಮ 'ಉಕ್ಕು' ಶಬ್ದವನ್ನೇ ಎಂಬುದು ಹಲವು ವಿದ್ವಾಂಸರ ಮತ. ಮೂಸೆಯಲ್ಲಿ ಕರಗಿಸಿದ ಆ ಉಕ್ಕಿನ ಅಲೆರೇಖೆಗಳು ಲೋಹದ ಒಳಗೂ ವ್ಯಾಪಿಸಿರುತ್ತವೆ. ಆಮ್ಲದಿಂದ ಬರೆದ ಹುಸಿರೇಖೆಗಳಾದರೋ ಮೇಲ್ಮೈಯಲ್ಲಿ ಮಾತ್ರ.

ಕಳೆದ ವರ್ಷ ಗೃಹಿಣಿಯೊಬ್ಬರು ಮಗಳ ವಿವಾಹದ ವೆಚ್ಚಕ್ಕೆಂದು ಮನೆತನದ ಕತ್ತಿಯನ್ನು ಮಾರಲು ತಂದಿದ್ದರು. ಬೆಲೆ ಬರಲೆಂದು ಮರಳುಕಾಗದದಿಂದ ಉಜ್ಜಿಸಿದ್ದರು. ಚಿನ್ನದ ಲೇಖವು ಅರ್ಧ ಅಳಿದಿತ್ತು. ಹಿಡಿಯ ಬುಡದಲ್ಲಿ, ಕಾಗದವು ತಾಗದ ಎರಡಂಗುಲದಷ್ಟರಲ್ಲಿ, ಅಲೆಗಳು ಕಂಡವು.

"ಟಿಪ್ಪುವಿನದಲ್ಲವೆ, ಮೇಷ್ಟ್ರೇ?"

"ಹಾಗೆನ್ನಲು ಗುರುತಿಲ್ಲ, ತಾಯಿ. ಉಕ್ಕು ಮಾತ್ರ ಉತ್ತಮವಾದುದು. ಇನ್ನು ಉಜ್ಜಿಸಬೇಡಿ" ಎಂದೆವು.