ತಮಟೆ ರಂಗದ ನಡುವೆ ನಿಂತ ಜಾಗ

ಗುಡೇಮಾರನಹಳ್ಳಿಯಿಂದ ಮಾಗಡಿ, ಅಲ್ಲಿಂದ ರಾಮನಗರ. ದಾರಿಯುದ್ದಕ್ಕೂ ರಾಗಿ ಹೊಲ, ಮಾವಿನ ತೋಪು, ಎಡಕ್ಕೆ ಸಾವನದುರ್ಗದ ಬೋಳು ಬಂಡೆ. ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೊರಟರೆ ಜಾನಪದ ಲೋಕ. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಹಳ್ಳಿಗರ ಹಾಡುಗಳನ್ನು ಟೇಪಿಗೆ ತುಂಬಿಸಿಕೊಂಡವರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. 1994ರಲ್ಲಿ 15 ಎಕರೆಯ ಈ ಲೋಕವನ್ನು ನಾಡಿಗೆ ಕೊಟ್ಟರು.

ಅಲ್ಲಿನ ವಸ್ತುಸಂಗ್ರಹಾಲಯ ಲೋಕಮಹಲಿನ ಒನಕೆ, ಬೀಸುಕಲ್ಲು, ಗೊಂಬೆಗಳನ್ನು ನೋಡುತ್ತ ಬಂದ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಯಲು ರಂಗಮಂದಿರ. ಬದಿಯಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿ ಕಲಾವಿದರು ತಮಟೆ ಕಾಯಿಸುತ್ತಿದ್ದರು. ಉರಿಯ ಮೇಲೆ ತಿರುಗಿಸಿ ತಿರುಗಿಸಿ ಹಿಡಿಯುವುದು, ಬೆರಳಲ್ಲಿ ತಟ್ಟಿ ಕಿವಿಗೊಡುವುದು, ದನಿ ಇನ್ನೂ ಮಂದವೆನಿಸಿದರೆ ಮತ್ತೆ ಉರಿಗೆ. ಚರ್ಮ ಬಿಗಿದು ಠಣಕ್ಕೆಂದ ಮೇಲೆಯೇ ರಂಗಕ್ಕೆ ಇಳಿದದ್ದು. ಎಲ್ಲರೂ ಒಟ್ಟಿಗೆ ಬಾರಿಸಿದಾಗ ನನ್ನ ಎದೆಗೂಡೇ ಅದುರಿತು!

ಹಬ್ಬಕ್ಕೂ ಸಾವಿಗೂ ಊರಿಗೆ ತಮಟೆ ಬೇಕು. ದೇವರ ಮೆರವಣಿಗೆಯ ಮುಂದೆ ಅದನ್ನು ಬಾರಿಸುತ್ತ ನಡೆದವರಿಗೆ ಮಾತ್ರ ಗುಡಿಯೊಳಗೆ ಜಾಗವಿರಲಿಲ್ಲ. ಇಲ್ಲಿ ಅವರೇ ನಡುರಂಗದಲ್ಲಿ, ಊರೆಲ್ಲ ಸುತ್ತ ಕೂತು ನೋಡುತ್ತದೆ.

ವಾದ್ಯ ಹಿಡಿದು ವ್ಯವಸ್ಥೆಯನ್ನು ಪ್ರಶ್ನಿಸುವುದು ನಮಗೆ ಹೊಸದಲ್ಲ. 1969ರ ವುಡ್‌ಸ್ಟಾಕ್ ಸಂಗೀತೋತ್ಸವದ ಬಯಲಲ್ಲಿ ಅಮೆರಿಕದ ಯುವಜನ ಗಿಟಾರ್ ಹಿಡಿದು ವ್ಯವಸ್ಥೆಗೆ ಎದುರು ಹಾಡಿದ್ದನ್ನು ಬೆರಗಿನಿಂದ ಓದುತ್ತೇವೆ. ನಮ್ಮ ನೀಲಗಾರ ಗಾಯಕರು ತಂಬೂರಿ, ಡಕ್ಕೆ, ಗಗ್ಗರ ಹಿಡಿದು ಶತಮಾನಗಳಿಂದ ಹಾಡುತ್ತಿರುವ ಮಂಟೇಸ್ವಾಮಿಯಾದರೋ ಹೊಲಸು ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬಂದು ಶರಣರನ್ನೇ ಪರೀಕ್ಷೆಗೊಡ್ಡಿದವನು. ಅಷ್ಟು ದಿಟ್ಟ ಹಾಡು ಎಲ್ಲಿದೆ?

ಈ ಸೀಮೆಯ ನೆಲದಲ್ಲೇ ಆ ದಿಟ್ಟತನವಿದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ 1975ರಲ್ಲಿ 'ಹೊಲೆಮಾದಿಗರ ಹಾಡು' ಕವನ ಸಂಕಲನ ತಂದರು. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಅವರ ಪದ್ಯಗಳು ಜನರ ಬಾಯಲ್ಲಿ ಹಾಡಾದವು. ಅದೇ ಕವಿ ಮುಂದೆ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು. ಬಂಡಾಯದ ಬೇರು ಜನಪದದಲ್ಲೇ ಇದೆ ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೈಸೂರಿಗೆ ಹೋಗುವ ಹೊಸ ಹೆದ್ದಾರಿ ಈಗ ರಾಮನಗರ, ಚನ್ನಪಟ್ಟಣಗಳನ್ನು ಬದಿಗೆ ಬಿಟ್ಟು ಓಡುತ್ತದೆ. ಜಾನಪದ ಲೋಕ ಇರುವುದು ಹಳೆಯ ರಸ್ತೆಯಲ್ಲಿ. ದಯವಿಟ್ಟು ಒಮ್ಮೆ ಆ ಕಡೆ ಇಳಿದು ಬನ್ನಿ, ಅಲ್ಲಿನ ಜನಪದ ಹಬ್ಬ ಲೋಕೋತ್ಸವದ ದಿನಗಳಲ್ಲಾದರೆ ಮಕ್ಕಳನ್ನೂ ಕರೆತನ್ನಿ.