ಹೋಗುವ ಅಂಚೆಯ ಬಾಗಿಲು



ಮಿಂಚಂಚೆಯಲ್ಲಿ ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಹೋಗುವ ದಾರಿಯ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದಾಗ ಕಳುಹಿಸುವವನ ಗುರುತು ಕೇಳುವ ಏರ್ಪಾಡಿರಲಿಲ್ಲ. ಕೆಂಪು ಅಂಚೆಪೆಟ್ಟಿಗೆಯಂತೆ ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಕಾಗದ ಹಾಕಬಹುದಿತ್ತು. ಆ ವಿಶ್ವಾಸದ ದುರುಪಯೋಗ ಹೆಚ್ಚಿದ ಮೇಲೆ, 1999ರಲ್ಲಿ, ಹೆಸರು ಮತ್ತು ಗುಪ್ತಪದ ಕೇಳುವ ಕ್ರಮ ಸೇರಿತು.

ತಂದೆಯನ್ನು ಕಳೆದುಕೊಂಡ ಶಿಷ್ಯನೊಬ್ಬನಿಗೆ ಅಬ್ಬಿಗೇರಿಯಿಂದ ನಾನು ಬರೆದ ಸಾಂತ್ವನದ ಪತ್ರ ಮೂರು ದಿನ ಹೊರಡದೆ ಉಳಿಯಿತು. ತಂತ್ರಾಂಶದಲ್ಲಿ ಪೋರ್ಟ್ 25 ಎಂದಿತ್ತು. ಅದು ಸರ್ವರಿನಿಂದ ಸರ್ವರಿಗೆ ಅಂಚೆ ಸಾಗುವ ದಾರಿ. ನಮ್ಮಂಥವರು ಅಂಚೆ ಒಪ್ಪಿಸುವ ಬಾಗಿಲು 587. ಮೊಮ್ಮಗಳು ಆ ಅಂಕಿಯನ್ನಿಟ್ಟು, ಗುಪ್ತಪದ ತುಂಬಿದೊಡನೆ ಪತ್ರ ಹೊರಟಿತು.

ಊರಿಗೆ ಬಂದಾಗ ನಿಮ್ಮ ಹಿರಿಯರ ಗಣಕಯಂತ್ರದಲ್ಲೂ ಇದನ್ನೊಮ್ಮೆ ನೋಡಿರಿ. ಅವರ ಮೌನ ಮರೆವಲ್ಲದಿರಬಹುದು.